ಹಾಲೆಂಡಿಗೆ ಹೋದ ಬೂದಿ ಡಬ್ಬಿ

ಹಾಲೆಂಡಿಗೆ ಹೋಗಿ ಬಂದವರೆಲ್ಲ ಹೂವಿನ ತೋಟದ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಬೂದಿಯ ಗುಡ್ಡದ ಫೋಟೋ. ಅದರಲ್ಲೂ ತೆಗೆದವನ ಕೈ ಅಲುಗಿ ನನ್ನ ತಲೆ ಅರ್ಧಕ್ಕೆ ಕತ್ತರಿಸಿಹೋಗಿದೆ. ಆದರೂ ನಾನು ನೋಡಿ ಬಂದದ್ದರಲ್ಲಿ ಹೇಳುವಂಥದ್ದು ಅದೇ ಗುಡ್ಡ.

ನಿಟ್ಟುವಳ್ಳಿ, ಹೊರಡುವ ಮೊದಲು

ದಾವಣಗೆರೆ ಹೊಸದಾಗಿ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು. ಆಗ ನಾನು ಊರಿನ ನಿಟ್ಟುವಳ್ಳಿ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ವಾದ ಮಾಡುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಮ್ಮ ಮನೆಯ ಗೋಡೆಗೂಡಿನಲ್ಲಿ ಸಾಲಾಗಿ ನಿಂತಿವೆ. ಒಂದರಲ್ಲಿ ಅಮ್ಮ ಗುಂಡಿ, ಸೂಜಿ ಹಾಕಿಡುತ್ತಾಳೆ.

ನಮ್ಮ ಓಣಿಯ ಅಂಗನವಾಡಿಯ ಅಂಗಳ ಓಣಿಗಿಂತ ಒಂದಡಿ ತಗ್ಗು. ಮಳೆ ಹಿಡಿದರೆ ಓಣಿಯ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಮಕ್ಕಳನ್ನು ಕಳಿಸಿ, ಟೀಚರು ಸಾವಿತ್ರಮ್ಮ ಸೀರೆ ಎತ್ತಿ ಹಿಡಿದುಕೊಂಡು ಹಿಟ್ಟಿನ ಚೀಲಗಳನ್ನು ಬೆಂಚಿನ ಮೇಲೆ ಏರಿಸುತ್ತಾರೆ. ಆ ವರ್ಷ ನಮ್ಮ ಎದುರು ಮನೆಯ ರಹಮತ್ ಸಾಬರು, ನನಗೆ ಹುಟ್ಟಿದಾಗಿನಿಂದ ಚಾಚಾ, ಓಣಿಯ ಸಭೆಯಲ್ಲಿ ಒಂದು ದಾರಿ ಹೇಳಿದರು. ಅವರದು ಅಕ್ಕಿ ಹುರಿದು ಮಂಡಕ್ಕಿ ಮಾಡುವ ಭಟ್ಟಿ. ಭತ್ತದ ಹೊಟ್ಟು ಉರಿಸುತ್ತಾರೆ. ಹೊಟ್ಟು ಹಸಿಯಾದ ದಿನ ಹಳೇ ಟೈರಿನ ತುಂಡು, ಚಿಂದಿ, ಊರಿನ ಬೇಡದ ಕಸ ಎಲ್ಲ ಒಲೆಗೆ ಹೋಗುತ್ತದೆ. ಭಟ್ಟಿಯ ಹಿಂದೆ ಬೂದಿಯ ಗುಡ್ಡವೇ ಇತ್ತು. ಅದನ್ನು ತಂದು ಅಂಗಳ ಎತ್ತರಿಸೋಣ, ಪುಕ್ಕಟೆ ಎಂದರು. ಎಲ್ಲರೂ ಹೂಂ ಎಂದರು.

ನಾನು ಎದ್ದು ನಿಂತೆ. ಟೈರು ಸುಟ್ಟ ಬೂದಿಯಲ್ಲಿ ಸತು, ಸೀಸ ಏನೇನು ಉಳಿದಿರುತ್ತದೆ, ಮಕ್ಕಳು ಮಣ್ಣಾಡಿದ ಕೈ ಬಾಯಿಗೆ ಹೇಗೆ ಹೋಗುತ್ತದೆ, ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಸಾವಿತ್ರಮ್ಮ ಕೇಳಿದರು, “ಭಾಷಣ ಚಲೋ ಆತು ಮೇಡಂ. ಭಾಷಣದಿಂದ ಅಂಗಳ ಎಷ್ಟು ಎತ್ತರ ಆಗ್ತೈತಿ?”

ನಗು ಎದ್ದಿತು. ಚಾಚಾ ನಗಲಿಲ್ಲ. “ಬೇಟಿ, ನನ್ನ ಬೂದಿ ವಿಷ ಅಂತೀಯ. ಪ್ರೂಫ್ ಏನೈತೆ?”

ಪುರಾವೆ ಕೇಳುವುದು ನನ್ನ ಕೆಲಸ. ನನ್ನನ್ನೇ ಕೇಳಿದಾಗ ಹೇಳಲು ಇದ್ದದ್ದು ಪುಸ್ತಕದ ಮಾತು ಮಾತ್ರ.

ಅದೇ ಹೊತ್ತಿಗೆ ಒಂದು ಸೇವಾ ಸಂಸ್ಥೆ ನಾಲ್ವರು ಯುವಜನರನ್ನು ನಾಲ್ಕು ವಾರ ಹಾಲೆಂಡಿಗೆ ಕಳಿಸುವುದರಲ್ಲಿತ್ತು. ಸಂದರ್ಶನದಲ್ಲಿ ಏನು ನೋಡಬೇಕೆಂದಿದ್ದೀರಿ ಎಂದು ಕೇಳಿದರು. ಎಲ್ಲರೂ ಹೂವು ಎಂದರು, ನಾನು ಕಸ ಎಂದೆ. ಅಲ್ಲಿ ಊರಿನ ಕಸ ಸುಟ್ಟ ಬೂದಿಯಿಂದ ರಸ್ತೆ ಮಾಡುತ್ತಾರಂತೆ ಎಂದು ಎಲ್ಲೋ ಓದಿದ್ದೆ, ನಂಬಿರಲಿಲ್ಲ. ಶ್ರೀಮಂತ ದೇಶದವರು ಬೂದಿಯನ್ನು ಬಡವರ ದೇಶಕ್ಕೆ ಸಾಗಿಸಿ, ರಸ್ತೆ ಅಂತ ಕಥೆ ಕಟ್ಟುತ್ತಾರೆ ಎಂದು ಅವರ ಮುಂದೆಯೇ ವಾದಿಸಿದೆ. ಹೋಗಿ ನೋಡಿಯೇ ಬಾ ಎಂದು ಆರಿಸಿಬಿಟ್ಟರು.

ಹೊರಡುವ ಹಿಂದಿನ ದಿನ ಚಾಚಾ ಹಾಲಿನ ಪುಡಿಯ ಹಳೇ ಡಬ್ಬಿಯೊಂದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದರು. “ಅಲ್ಲಿ ದೊಡ್ಡ ದೊಡ್ಡ ಮಶಿನ್ ಇರ್ತಾವಲ್ಲ, ತೋರ್ಸು. ನೀ ಬಂದು ಹೇಳೋತನಕ ಒಂದು ಪುಟ್ಟಿ ಬೂದಿ ಅಂಗಳಕ್ಕೆ ಬೀಳಲ್ಲ. ಆದ್ರ ಮಳಿ ಬರೋದ್ರಾಗ ಬಾ.”

ಅಮ್ಮ ಮುಚ್ಚಳ ತೆಗೆದು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. “ಅಯ್ಯ, ಎಷ್ಟು ನಯ ಐತಲ್ಲೋ ರಹಮತಣ್ಣ! ನಮ್ಮ ವಿಭೂತಿನೂ ಇಷ್ಟು ನಯ ಇಲ್ಲ.”

ಚಾಚಾನ ಮುಖ ಅರಳಿತು. ಈ ಬೂದಿ ಎಲ್ಲಿಂದ ತೆಗೆದಿರಿ ಎಂದು ನಾನು ಕೇಳಲಿಲ್ಲ.

ವಿಮಾನ ನಿಲ್ದಾಣದ ಮೇಜು

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದಾಗ ಉಳಿದ ಮೂವರನ್ನು ಹಾಗೇ ಬಿಟ್ಟರು. ನನ್ನ ಚೀಲ ಮಾತ್ರ ಮೇಜಿನ ಮೇಲೆ ಬಂತು. ಉದ್ದನೆಯ ಅಧಿಕಾರಿಯೊಬ್ಬ ಒಂದೊಂದೇ ತೆಗೆದಿಟ್ಟ: ಅಮ್ಮ ಹಾಕಿದ್ದ ಶೇಂಗಾ ಚಟ್ನಿಪುಡಿ, ವಿಭೂತಿಯ ಗಟ್ಟಿ, ಆಮೇಲೆ ಡಬ್ಬಿ. ಮುಚ್ಚಳ ತೆಗೆದು ಇಣುಕಿದ.

“ಇದೇನು?”

“ಬೂದಿ.”

ಅವನು ನೆಟ್ಟಗೆ ನಿಂತ. ಮೆತ್ತಗೆ ಕೇಳಿದ, “ಯಾರದು?”

“ರಹಮತ್ ಚಾಚಾನದು. ನಮ್ಮ ಎದುರು ಮನೆಯವರು.”

ಅವನು ಮುಚ್ಚಳವನ್ನು ಎರಡೂ ಕೈಯಿಂದ ಜೋಪಾನವಾಗಿ ಮುಚ್ಚಿ, ಡಬ್ಬಿಯನ್ನು ನನ್ನ ಕಡೆ ಸರಿಸಿ, ತಲೆ ಬಗ್ಗಿಸಿ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಎಂದ. ಅರ್ಥವಾಗಲು ನನಗೆ ಅರ್ಧ ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನು ಚಟ್ನಿಪುಡಿಯನ್ನೂ ಅದೇ ಗೌರವದಿಂದ ಒಳಗಿಡುತ್ತಿದ್ದ. ತಿದ್ದಬೇಕಿತ್ತು. ಚಾಚಾ ಗಟ್ಟಿಮುಟ್ಟಾಗಿದ್ದಾರೆ, ಅವರಲ್ಲಿ ಸುಡುವ ಪದ್ಧತಿಯೂ ಇಲ್ಲ ಎಂದು ಹೇಳಬೇಕಿತ್ತು. ಆದರೆ ಸಾಲಿನಲ್ಲಿ ನಿಂತವರೆಲ್ಲ ನನ್ನನ್ನು ಮರುಕದಿಂದ ನೋಡುತ್ತಿದ್ದರು. ನಾನು ಮುಖ ಸಪ್ಪೆ ಮಾಡಿಕೊಂಡು ಹೊರಟೆ. ಜೀವನದಲ್ಲಿ ವಾದ ಮಾಡದೆ ಬಿಟ್ಟುಕೊಟ್ಟ ಮೊದಲ ಸಂದರ್ಭ ಅದೇ ಇರಬೇಕು.

ಹಾನ್ನೆಕೆಯ ಅಡಿಗೆಮನೆ

ರೈಲಿನಲ್ಲಿ ಒಂದೂವರೆ ಗಂಟೆ ಪೂರ್ವಕ್ಕೆ, ನದಿಯ ದಂಡೆಯಲ್ಲಿ ಒಂದು ಸಣ್ಣ ಊರು. ಹಾನ್ನೆಕೆ ಎಂಬ ನಿವೃತ್ತ ನರ್ಸಿನ ಮನೆಯಲ್ಲಿ ನನ್ನ ವಾಸ. ನದಿ ನಮ್ಮ ಹರಿಹರದ ತುಂಗಭದ್ರೆಗಿಂತ ದೊಡ್ಡದೇನಲ್ಲ, ಆದರೆ ಬೇಸಿಗೆಯಲ್ಲೂ ದಡ ತುಂಬ ಇತ್ತು. ನಮ್ಮ ಹೊಳೆಯಲ್ಲಿ ಆ ಹೊತ್ತಿಗೆ ಬಂಡೆಗಳು ಬೆನ್ನು ಕಾಯಿಸಿಕೊಳ್ಳುತ್ತಿರುತ್ತವೆ.

ಮೊದಲ ಸಂಜೆ ಹಾನ್ನೆಕೆ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ತೆರೆದು ಹಿಡಿದರು. ಸಂಕೋಚಕ್ಕೆ ಬೇಡ ಎಂದೆ. ನಮ್ಮಲ್ಲಿ ಮೊದಲ ಬೇಡವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎರಡನೆಯದನ್ನೂ ಹಿಡಿಯುವುದಿಲ್ಲ. ಹಾನ್ನೆಕೆ ಸರಿ ಎಂದು ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟರು. ಆ ಮುಚ್ಚಳದ ಸದ್ದು ನನಗೆ ಇಂದಿಗೂ ನೆನಪಿದೆ. ಹಸಿವೂ ನೆನಪಿದೆ. ಇಲ್ಲಿ ಇಲ್ಲ ಎಂದರೆ ಇಲ್ಲ, ಹೌದು ಎಂದರೆ ಹೌದು. ಮರುದಿನದಿಂದ ನಾನು ಎರಡು ಬೇಕು ಎಂದು ಹೇಳಲು ಕಲಿತೆ. ಅವರು ಒಂದು ಕೊಟ್ಟರು.

ಅಡಿಗೆಮನೆಯಲ್ಲಿ ಕಸಕ್ಕೆ ನಾಲ್ಕು ಡಬ್ಬಿ. ಸಿಪ್ಪೆ, ಸೊಪ್ಪು ಒಂದಕ್ಕೆ, ಕಾಗದ ಇನ್ನೊಂದಕ್ಕೆ, ಗಾಜು ಮತ್ತೊಂದಕ್ಕೆ, ಎಲ್ಲಿಗೂ ಸೇರದ್ದು ನಾಲ್ಕನೆಯದಕ್ಕೆ. ಸುಡಲು ಹೋಗುವುದು ಅದೊಂದೇ. ಎರಡನೆಯ ದಿನ ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಆ ನಾಲ್ಕನೆಯದಕ್ಕೆ ಎಸೆದುಬಿಟ್ಟೆ. ಹಾನ್ನೆಕೆ ಮೊಣಕೈವರೆಗೆ ಕೈ ಇಳಿಸಿ, ಸಿಪ್ಪೆ ಹುಡುಕಿ ತೆಗೆದು, ಸರಿಯಾದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡರು.

“ಒಂದು ಸಿಪ್ಪೆ ಅಲ್ವಾ? ಬೆಂಕಿಗೆ ಎಲ್ಲ ಒಂದೇ” ಎಂದು ನಾನು ವಾದಕ್ಕಿಳಿದೆ.

“ಬೆಂಕಿಗೆ ಒಂದೇ ಇರಬಹುದು. ಆಮೇಲೆ ಬೂದಿ ತೆಗೆಯುವವನಿಗೆ ಒಂದೇ ಅಲ್ಲ. ನಾಳೆ ಬರ್ಟನ್ನೇ ಕೇಳು” ಎಂದರು. ಬರ್ಟ್ ಅವರ ತಂಗಿಯ ಗಂಡ. ಕಸ ಸುಡುವ ಸ್ಥಾವರದಲ್ಲಿ ಬೂದಿಯ ವಿಭಾಗ ಅವನ ಕೈಯಲ್ಲಿತ್ತು.

ಬೂದಿಯ ಗುಡ್ಡ

ಬರ್ಟ್ ಐವತ್ತರ ಆಸುಪಾಸಿನ ದೊಡ್ಡಾಳು. ಗಡ್ಡದಲ್ಲಿ ಬ್ರೆಡ್ಡಿನ ಪುಡಿ. ತಲೆಗೆ ಹೆಲ್ಮೆಟ್ ಕೊಟ್ಟ, ಕಾಲಿಗೆ ನನ್ನ ಅಳತೆಯ ಎರಡರಷ್ಟು ದೊಡ್ಡ ಬೂಟು ಕೊಟ್ಟ. ನಾನು ಪ್ರಶ್ನೆ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಮೊದಲನೆಯದನ್ನು ಬಾಗಿಲಲ್ಲೇ ಹಾಕಿದೆ.

“ನಿಮ್ಮ ಬೂದಿ ವಿಷವೋ, ಅಲ್ಲವೋ?”

“ಯಾವ ಬೂದಿ?”

“ಕಸ ಸುಟ್ಟ ಬೂದಿ.”

“ಅದೇ, ಯಾವುದು?” ಎಂದ ಬರ್ಟ್. “ಇಲ್ಲಿ ಎರಡಿವೆ.”

ನನ್ನ ಎರಡನೆಯ ಪ್ರಶ್ನೆ ಅಲ್ಲೇ ಉದುರಿತು.

ಒಂದು ಬೂದಿ ಒಲೆಯ ತಳಕ್ಕೆ ಬೀಳುತ್ತದೆ. ದಪ್ಪ, ಒರಟು, ಕರಗಿ ಗಟ್ಟಿಯಾದ ಕಿಟ್ಟ ಕಟ್ಟಿದ ಬೂದಿ. ಅದನ್ನು ನೀರಿಗೆ ಬೀಳಿಸಿ ಆರಿಸುತ್ತಾರೆ. ಇನ್ನೊಂದು ಹೊಗೆಯ ಜೊತೆ ಮೇಲೆ ಹಾರುತ್ತದೆ. ಅದನ್ನು ಹೊಗೆ ಹೊರಹೋಗುವ ಮೊದಲೇ ಹಿಡಿದು ಮುಚ್ಚಿದ ಗೋಪುರಗಳಲ್ಲಿ ತುಂಬಿಡುತ್ತಾರೆ. ಬೆಂಕಿಯಲ್ಲಿ ಆವಿಯಾಗುವ ಲೋಹ, ಉಪ್ಪು ಎಲ್ಲ ಆ ಎರಡನೆಯದಕ್ಕೇ ಅಂಟಿಕೊಳ್ಳುತ್ತದೆ. ಈ ಎರಡು ಬೂದಿ ಒಂದಕ್ಕೊಂದು ಸೇರಬಾರದು. ಇಡೀ ಸ್ಥಾವರದ ಶಿಸ್ತು ನಿಂತಿರುವುದೇ ಇದರ ಮೇಲೆ. ಹಾರಿದ ಬೂದಿ ಮುಚ್ಚಿದ ಲಾರಿಯಲ್ಲಿ ಬೇರೆಯೇ ಜಾಗಕ್ಕೆ ಹೋಗುತ್ತದೆ. ನನಗೆ ಅದನ್ನು ತೋರಿಸಲೂ ಇಲ್ಲ.

ತಳದ ಬೂದಿ ಮಾತ್ರ ಓಡುವ ರಬ್ಬರ್ ಪಟ್ಟೆಯ ಮೇಲೆ ಮೆರವಣಿಗೆ ಬರುತ್ತದೆ. ದೊಡ್ಡ ಅಯಸ್ಕಾಂತದ ಕೆಳಗೆ ಬಂದಾಗ ಅದರೊಳಗಿನ ಕಬ್ಬಿಣವೆಲ್ಲ ಟಣ್ ಟಣ್ ಎಂದು ಮೇಲೆ ಹಾರುತ್ತದೆ. ಚಮಚ, ಬೀಗ, ಸೈಕಲ್ಲಿನ ಚೈನು, ಒಂದು ಇಸ್ತ್ರಿಪೆಟ್ಟಿಗೆ. ನಾನು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಒಂದು ಊರು ಏನೇನು ಎಸೆಯುತ್ತದೆ ಎನ್ನುವುದನ್ನು ಹೀಗೆ ಸಾಲಾಗಿ ನಾನು ನೋಡಿರಲಿಲ್ಲ. ನಮ್ಮಲ್ಲಾದರೆ ಆ ಚಮಚ ಮೂರು ಮನೆ ದಾಟಿ, ಗುಜರಿಯವನ ಚೀಲ ಸೇರಿ, ಇನ್ನೊಂದು ಚಮಚವಾಗಿ ಬಂದಿರುತ್ತಿತ್ತು ಎಂದೆ. ಬರ್ಟ್ ಒಪ್ಪಿದ. “ನಿಮ್ಮ ಗುಜರಿಯವನ ಕೆಲಸವನ್ನೇ ಈ ಯಂತ್ರ ಮಾಡುತ್ತಿದೆ. ಅವನಷ್ಟು ಚೆನ್ನಾಗಿ ಅಲ್ಲ.”

ಕಬ್ಬಿಣ ತೆಗೆದ ಬೂದಿಯನ್ನು ಬಯಲಲ್ಲಿ ಗುಡ್ಡೆ ಹಾಕಿ ವಾರಗಟ್ಟಲೆ ಸುಮ್ಮನೆ ಬಿಡುತ್ತಾರೆ. ಗಾಳಿ, ತೇವ ತಾಗಿ ಅದರ ಕ್ಷಾರ ಇಳಿಯುತ್ತದೆ, ಲೋಹಗಳು ನೀರಿಗೆ ಸುಲಭವಾಗಿ ಇಳಿಯದಂತೆ ಬೂದಿಗೇ ಕಚ್ಚಿಕೊಳ್ಳುತ್ತವೆ. ಗುಡ್ಡೆಯಿಂದ ಇಳಿದ ನೀರು ಎಲ್ಲೂ ಹೋಗದ ಹಾಗೆ ನೆಲಕ್ಕೆ ಗಟ್ಟಿ ಹಾಸು, ಸುತ್ತ ಕಾಲುವೆ. ಹುಣಸೆಹಣ್ಣು ಹಳೆಯದಾದಷ್ಟೂ ಒಳ್ಳೆಯದು ಎಂದು ಅಮ್ಮ ಹೇಳುವುದು ನೆನಪಾಯಿತು. ಬೂದಿಗೂ ಹಳತಾಗಲು ಬಿಡಬೇಕು ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ನಾನು ಗುಡ್ಡೆಯ ಅಂಚಿಗೆ ಹೋಗಿ, ಅಮ್ಮ ಮಾಡಿದಂತೆಯೇ, ಎರಡು ಬೆರಳಲ್ಲಿ ಒಂದಿಷ್ಟು ಉಜ್ಜಿ ನೋಡಿದೆ. ಬರ್ಟ್ ಕೂಗಿಕೊಂಡ. ನೇರ ನಲ್ಲಿಗೆ ಕರೆದೊಯ್ದು ಎರಡು ಸಲ ಸೋಪು ಹಾಕಿಸಿದ. ನಮ್ಮ ಅಜ್ಜಿ ಕೈ ಜಿಡ್ಡಾದರೆ ಬೂದಿಯಿಂದ ತೊಳೆಯುತ್ತಿದ್ದಳು. ಇಲ್ಲಿ ಬೂದಿ ಮುಟ್ಟಿದ್ದಕ್ಕೆ ಕೈ ತೊಳೆಯಬೇಕು.

ಆಮೇಲೆ ತನ್ನ ಕಾರಿನಲ್ಲಿ ಹೆದ್ದಾರಿಗೆ ಕರೆದುಕೊಂಡು ಹೋದ. ಏರಿಯ ಮೇಲೆ ರಸ್ತೆ. ಏರಿಯ ಹೊಟ್ಟೆಯಲ್ಲಿ ಬೂದಿ, ಅದರ ಮೇಲೆ ನೀರಿಳಿಯದಂಥ ಹೊದಿಕೆ, ಅದರ ಮೇಲೆ ಡಾಂಬರು. ಬೂದಿಯ ತಳ ಅಂತರ್ಜಲಕ್ಕಿಂತ ಮೇಲೇ ಇರಬೇಕು. “ನಮ್ಮ ದೇಶದಲ್ಲಿ ಗುದ್ದಲಿ ಹಾಕಿದಲ್ಲಿ ನೀರು. ಅದಕ್ಕೇ ನಮಗೆ ಬೂದಿಯ ಭಯವಲ್ಲ, ಬೂದಿಯಿಂದ ಇಳಿಯುವ ನೀರಿನ ಭಯ” ಎಂದ.

ಇಲ್ಲಿ ನಾನು ಬಲೆ ಹಾಕಿದೆ. ವಾದದಲ್ಲಿ ಇದು ಹಳೆಯ ಪಟ್ಟು. “ಅಷ್ಟು ಸುರಕ್ಷಿತ ಅನ್ನುವುದಾದರೆ, ನಿಮ್ಮ ಮೊಮ್ಮಗು ಆಡುವ ಅಂಗಳಕ್ಕೆ ಹಾಕುತ್ತೀರಾ?”

ಹೌದು ಎಂದರೆ ಕೇಳಲು ಮೂರು ಪ್ರಶ್ನೆ ಇಟ್ಟುಕೊಂಡಿದ್ದೆ. ನುಣುಚಿಕೊಂಡರೆ ಕೇಳಲು ಇನ್ನೂ ಎರಡು.

“ಇಲ್ಲ” ಎಂದ ಬರ್ಟ್. “ರಸ್ತೆಯಡಿ ಹಾಕುತ್ತೇನೆ. ಅಂಗಳಕ್ಕೆ ಹಾಕುವುದಿಲ್ಲ. ಬಿಸ್ಕತ್ತು ಬೇಕಾ?”

ಬೇಕು ಎಂದೆ.

ಬಾಟ್ಲಿ ಉರುಳುವ ಕೋಣೆ

ಚಾಚಾನ ಡಬ್ಬಿಯನ್ನು ಬರ್ಟಿನ ಮೇಜಿನ ಮೇಲಿಟ್ಟೆ. ಪರೀಕ್ಷೆ ನಾನಂದುಕೊಂಡಷ್ಟು ಗಹನವೇನಲ್ಲ. ಒಂದು ಪಾಲು ಬೂದಿ, ಹತ್ತು ಪಾಲು ನೀರು, ಬಾಟ್ಲಿಗೆ ತುಂಬಿ ಒಂದು ಹಗಲು ಒಂದು ರಾತ್ರಿ ಉರುಳಿಸುವುದು. ಆಮೇಲೆ ಬೂದಿಯನ್ನು ಸೋಸಿ ಎಸೆದು, ನೀರಿನಲ್ಲಿ ಏನು ಬಂದಿದೆ ಎಂದು ಯಂತ್ರಕ್ಕೆ ಕೊಡುವುದು.

“ಎಲ್ಲಿಂದ ತೆಗೆದದ್ದು?” ಎಂದು ಬರ್ಟ್ ಚೀಟಿ ಬರೆಯುತ್ತಾ ಕೇಳಿದ.

“ಭಟ್ಟಿಯಿಂದ” ಎಂದೆ. ಅವನು ಇನ್ನೇನೋ ಕೇಳಲು ತಲೆಯೆತ್ತಿ, ಮತ್ತೆ ಬರೆದುಕೊಂಡ.

ಮೂರನೆಯ ದಿನ ಹಾಳೆ ಕೈಗೆ ಬಂತು. ಸತು, ಸೀಸ, ಉಪ್ಪು ಮೂರೂ ಅವರ ಮಿತಿಯನ್ನು ಎಷ್ಟೋ ದೂರ ದಾಟಿದ್ದವು. “ಇದನ್ನು ನಾನು ರಸ್ತೆಯಡಿಗೂ ಬಿಡುವುದಿಲ್ಲ” ಎಂದ ಬರ್ಟ್.

ಗೆದ್ದೆ. ಮುಚ್ಚಿಡುವುದೇಕೆ, ನನಗೆ ಕುಣಿಯುವಷ್ಟು ಖುಷಿಯಾಯಿತು. ಪ್ರೂಫ್ ಏನೈತೆ ಎಂದು ಕೇಳಿದ್ದರಲ್ಲ? ಅಲ್ಲೇ ಫೋನ್ ಕಾರ್ಡ್ ಹಾಕಿ ಮನೆಗೆ ಫೋನ್ ಮಾಡಿ, ಚಾಚಾನ ಬೂದಿ ಫೇಲಾಯಿತು ಎಂದು ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮನಿಗೆ ಹೇಳುವುದೆಂದರೆ ಓಣಿಗೆ ಹೇಳಿದಂತೆ.

ಅದೇ ಮಧ್ಯಾಹ್ನ ಬರ್ಟ್ ತನ್ನ ಗುಡ್ಡೆಯಿಂದ ಮಾದರಿ ತೆಗೆಯುವುದಿತ್ತು. ಸಲಿಕೆ ಹಿಡಿದು ಜೊತೆಗೆ ಹೋದೆ. ಅವನು ಗುಡ್ಡೆಯ ತಲೆಯಿಂದ ಒಂದಿಷ್ಟು, ಬುಡದಿಂದ ಒಂದಿಷ್ಟು, ಒಳಗೆ ಅಗೆದು ಒಂದಿಷ್ಟು, ಹೀಗೆ ಸುತ್ತು ಹೊಡೆದ. ಒಂದು ಸಲಿಕೆಯಲ್ಲಿ ಅರ್ಧ ಬೆಂದ ಬೂಟಿನ ಹಿಮ್ಮಡಿ ಬಂತು. ಅದನ್ನೂ ಬಕೆಟ್ಟಿಗೆ ಹಾಕಿದ.

“ಅದು ಗಲೀಜು, ತೆಗೆದುಬಿಡಿ.”

“ಗುಡ್ಡದಲ್ಲಿ ಇದೆಯಲ್ಲ? ಹಾಗಾದರೆ ಬಕೆಟ್ಟಿನಲ್ಲೂ ಇರಬೇಕು.”

ನಾನು ಸಲಿಕೆಯ ಮೇಲೆ ಕೈಯೂರಿ ನಿಂತುಬಿಟ್ಟೆ. ಮಲೆಬೆನ್ನೂರಿನಲ್ಲಿ ನನ್ನ ಸೋದರಮಾವ ಭತ್ತ ಕೊಳ್ಳುವುದನ್ನು ನೋಡುತ್ತ ಬೆಳೆದವಳು ನಾನು. ಮಾರುವವನು ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ತೋರಿಸುತ್ತಾನೆ. ಬಂಗಾರದಂಥ ಕಾಳು. ಮಾವ ಅದನ್ನು ನೋಡುವುದೇ ಇಲ್ಲ. ಮೊನೆಯಿರುವ ಕಬ್ಬಿಣದ ಕೊಳವೆಯೊಂದನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾನೆ. ಒಳಗಿನ ಕಾಳು ಜಾರಿ ಕೈಗೆ ಬರುತ್ತದೆ. ಮಾತು ಶುರುವಾಗುವುದು ಆಮೇಲೆ.

ನನ್ನ ಡಬ್ಬಿಯಲ್ಲಿ ಒಂದು ಚೂರು ಕಿಟ್ಟ ಇರಲಿಲ್ಲ. ಒಂದು ಟೈರಿನ ತಂತಿ ಇರಲಿಲ್ಲ. ವಿಭೂತಿಗಿಂತ ನಯ ಇತ್ತು.

ಫೋನ್ ಡಬ್ಬಿ

ಮರುದಿನ ಮತ್ತೆ ಫೋನ್. ಊರಲ್ಲಿ ಆಗ ನಡುಮಧ್ಯಾಹ್ನ. ಅಮ್ಮ ದೂರದ ದೇಶಕ್ಕೆ ಕೇಳಲಿ ಎಂದು ಕಿರುಚಿಯೇ ಮಾತಾಡುತ್ತಾಳೆ. ಚಾಚಾನನ್ನು ಕರೆಸು ಎಂದೆ. ಎದುರು ಮನೆಯಿಂದ ಬರುವಷ್ಟರಲ್ಲಿ ಕಾರ್ಡು ಅರ್ಧ ಖಾಲಿ.

“ಏನವ್ವ, ನನ್ನ ಬೂದಿ ಫೇಲಂತ?” ದನಿ ಬಾಡಿತ್ತು. “ನಿಮ್ಮಮ್ಮ ಓಣಿಗೆಲ್ಲ ಹೇಳ್ಯಾರ. ಎರಡು ಮನಿಯೋರು ನನ್ನ ಮಂಡಕ್ಕಿನೂ ಬ್ಯಾಡ ಅಂದ್ರು.”

“ಚಾಚಾ, ಆ ಬೂದಿ ಎಲ್ಲಿಂದ ತೆಗೆದಿದ್ರಿ?”

“ಎಲ್ಲಿಂದ ಅಂದ್ರ? ಚಿಮಣಿ ಒಳಗಿಂದ. ಮ್ಯಾಲೆ ಹತ್ತಿ ನಾನೇ ಕೆರೆದು ತೆಗದೆ. ಆಮ್ಯಾಲೆ ನಮ್ಮ ಬೀವಿ ತೆಳು ಬಟ್ಟಿಯಾಗ ಜರಡಿ ಹಿಡಿದ್ಲು.”

“ಗುಡ್ಡದಿಂದ ಯಾಕ ತಗೀಲಿಲ್ಲ?”

“ಅಲ್ಲ ಬೇಟಿ, ಪರದೇಶಕ್ಕ ಹೋಗೋದು. ನಾಲ್ಕು ಮಂದಿ ನೋಡೋರು. ಮೊಳೆ, ತಂತಿ, ಕಿಟ್ಟ ಇರೋದನ್ನ ಕಳಿಸ್ತಾರೇನು? ದಾವಣಗೆರೆ ಮಾನದ ಪ್ರಶ್ನೆ. ಇರೋದ್ರಾಗ ಚಲೋದು ಹುಡುಕಿ ಕೊಟ್ಟೀನಿ.”

ಬೀಗರ ಮನೆಗೆ ಹೋಗುವ ಹಣ್ಣನ್ನು ಆರಿಸಿದಂತೆ ಆರಿಸಿದ್ದರು. ನಮ್ಮ ಕಣ್ಣಿಗೆ ನಯವಾದ ಬೂದಿಯೇ ಒಳ್ಳೆಯ ಬೂದಿ. ಹಲ್ಲುಜ್ಜಲು, ಪಾತ್ರೆ ತಿಕ್ಕಲು, ಹಣೆಗೆ ಹಚ್ಚಲು, ಯಾವುದಕ್ಕೂ ನಯವೇ ಬೇಕು. ಚಾಚಾ ತಮ್ಮ ಮರ್ಯಾದೆಯ ಲೆಕ್ಕದಲ್ಲಿ ಅತ್ಯುತ್ತಮವಾದದ್ದನ್ನು ಕೊಟ್ಟಿದ್ದರು. ಬರ್ಟ್ ನನಗೆ ತೋರಿಸಲೂ ಒಪ್ಪದ ಆ ಎರಡನೆಯ ಬೂದಿಯನ್ನು ನಾನು ಕೈಚೀಲದಲ್ಲಿ ಹೊತ್ತು ತಂದಿದ್ದೆ.

“ಇನ್ನೊಂದು ಹೇಳ್ಬೇಕು” ಎಂದು ವಿಮಾನ ನಿಲ್ದಾಣದ ಕಥೆ ಹೇಳಿದೆ. ಆ ಕಡೆಯಿಂದ ನಗು ಕೇಳಿತು. “ಸುಟ್ಟೇಬಿಟ್ರೇನು ನನ್ನ? ಓಣಿಯೋರು ಮಂಡಕ್ಕಿ ಬಿಟ್ರು, ನೀ ನನ್ನ ಜೀವಾನೇ ಬಿಡಿಸಿದಿ!” ಕಾರ್ಡು ಮುಗಿಯಿತು.

ಸಂಜೆ ಹಾನ್ನೆಕೆಯ ಅಡಿಗೆಮನೆಯಲ್ಲಿ ಕೂತು ನನ್ನ ಜೊತೆ ನಾನೇ ವಾದ ಮಾಡಿಕೊಂಡೆ. ಅಂಗಳಕ್ಕೆ ಬೂದಿ ಬೇಡ ಎಂಬ ನನ್ನ ಮಾತು ಹೇಗೂ ಸರಿ. ಬರ್ಟ್ ಕೂಡ ಅದನ್ನೇ ಹೇಳಿದ. ಮೊಹರು ಬಿದ್ದ ಹಾಳೆ ಕೈಯಲ್ಲಿದೆ. ಡಬ್ಬಿ ಚಿಮಣಿಯದೋ ಗುಡ್ಡದ್ದೋ, ಓಣಿಯಲ್ಲಿ ಯಾರಿಗೆ ಗೊತ್ತು? ಸುಮ್ಮನಿದ್ದರೆ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ. ಎದುರು ಪಕ್ಷದ ವಾದಕ್ಕೂ ಅಷ್ಟೇ ಬಲವಿತ್ತು: ಸುಮ್ಮನಿದ್ದರೆ ಚಾಚಾ ಚಿಮಣಿ ಬೂದಿಯನ್ನೂ ತಳದ ಬೂದಿಯನ್ನೂ ಇನ್ನು ಮುಂದೆಯೂ ಒಂದೇ ಗುಡ್ಡೆಗೆ ಸುರಿಯುತ್ತಾರೆ. ಮಂಡಕ್ಕಿಗೆ ಹತ್ತಿದ ಹೆಸರಂತೂ ಹೋಗುವುದಿಲ್ಲ.

ಎಲ್ಲ ಕೇಳಿದ ಹಾನ್ನೆಕೆ ಹೇಳಿದ್ದು ಇಷ್ಟೇ. “ತಪ್ಪು ಡಬ್ಬಿಗೆ ಬಿದ್ದಿದೆ. ಕೈ ಹಾಕಿ ತೆಗಿ. ಆಮೇಲೆ ಕೈ ತೊಳೆದುಕೊ.”

ಬರ್ಟ್ ಬೀಳ್ಕೊಡುವಾಗ ಹೂವಿನ ಗಡ್ಡೆ ಕೊಡಲಿಲ್ಲ. ಎರಡು ಖಾಲಿ ಪ್ಲಾಸ್ಟಿಕ್ ಬಾಟ್ಲಿ ಕೊಟ್ಟ. “ಗುಡ್ಡದಿಂದ ತೆಗಿ. ಉರುಳಿಸಿ, ಸೋಸಿ, ನೀರು ಮಾತ್ರ ಕಳಿಸು.”

ಮತ್ತೆ ನಿಟ್ಟುವಳ್ಳಿ

ಮಳೆ ಬರುವುದರೊಳಗೆ ಬಂದೆ. ಅಂಗನವಾಡಿಯಲ್ಲಿ ಜನ ಸೇರಿದರು. ಚಾಚಾ ಬಾಗಿಲ ಹತ್ತಿರ, ಎದ್ದು ಹೋಗಲು ಅನುಕೂಲವಾಗುವ ಹಾಗೆ ಕೂತಿದ್ದರು.

ಹಾಳೆ ತೋರಿಸಿದೆ. “ಇದು ಚಿಮಣಿ ಬೂದಿ ಪರೀಕ್ಷೆ. ಗುಡ್ಡದ ಬೂದಿ ಹೆಂಗೈತಿ ಅಂತ ನನಗ ಗೊತ್ತಿಲ್ಲ. ಗೊತ್ತೈತಿ ಅಂತ ಫೋನಿನಾಗ ಹೇಳಿದ್ದು ನನ್ನ ತಪ್ಪು. ಮಂಡಕ್ಕಿ ಮಾತು ನಾನು ಆಡೇ ಇಲ್ಲ” ಎಂದೆ. ನನಗೆ ಗೊತ್ತಿಲ್ಲ ಎಂಬ ಮಾತನ್ನು ಸಭೆಯಲ್ಲಿ ನಾನು ಹೇಳಿದ್ದು ಅದೇ ಮೊದಲು. ಚಪ್ಪಾಳೆ ಬೀಳಲಿಲ್ಲ. ಅಮ್ಮ ಮಾತ್ರ ತಲೆ ತಗ್ಗಿಸಿ ಸೆರಗಿನ ಅಂಚು ಸರಿ ಮಾಡಿಕೊಂಡಳು.

“ಆದ್ರೂ ಅಂಗಳಕ್ಕೆ ಬ್ಯಾಡ” ಎಂದು ಮುಂದುವರಿಸಿದೆ. “ಅಲ್ಲಿ ಎಲ್ಲ ಶುದ್ಧ ಮಾಡಿದ ಬೂದಿನೂ ರಸ್ತೆ ಅಡಿಗಷ್ಟ ಹಾಕ್ತಾರ, ಮಕ್ಕಳು ಆಡೋ ಜಾಗಕ್ಕ ಹಾಕಲ್ಲ. ಚಿಮಣಿ ಬೂದಿ ಬ್ಯಾರೆ ಡ್ರಮ್ಮಿಗೆ, ಮುಚ್ಚಳ ಹಾಕಿ. ಟೈರು ನಿಲ್ಲಿಸ್ಬೇಕು.”

“ಹೊಟ್ಟು ಹಸಿಯಾದ ದಿನ ಒಲಿಗೆ ಏನ್ ಹಾಕ್ಲಿ?” ಎಂದರು ಚಾಚಾ. “ನಿನ್ನ ಕಪ್ಪುಗಳನ್ನಾ?”

ಹೊಟ್ಟು ನೆನೆಯದ ಹಾಗೆ ತಗಡಿನ ಮಾಡು ಇಳಿಸೋಣ ಎಂದೆ. ನೋಡೋಣ ಎಂದರು.

ಸಾವಿತ್ರಮ್ಮ ಕಾಯುತ್ತಿದ್ದರು. “ಎಲ್ಲ ಆತು ಮೇಡಂ. ಅಂಗಳ?”

ಈ ಸಲ ಭಾಷಣ ಮಾಡಲಿಲ್ಲ. ಮಲೆಬೆನ್ನೂರಿನ ಮಾವನನ್ನು ಹಿಂದಿನ ದಿನವೇ ಕಾಡಿ ಬೇಡಿ ಒಪ್ಪಿಸಿದ್ದೆ. ಮರುದಿನ ಮೂರು ಟ್ರ್ಯಾಕ್ಟರ್ ಕೆಂಪು ಗರಸು ಮಣ್ಣು ಬಂತು. ಹರಡಲು ಚಾಚಾನ ಭಟ್ಟಿಯ ಆಳುಗಳೇ ಬಂದರು. ಕರೆದವರು ಯಾರು ಎಂದು ನಾನು ಕೇಳಲಿಲ್ಲ. ಅಂಗಳ ಒಂದೂವರೆ ಅಡಿ ಎದ್ದಿತು.

ಜೂನಿನ ಮೊದಲ ದೊಡ್ಡ ಮಳೆಗೆ ಓಣಿಯವರೆಲ್ಲ ಜಗಲಿಗೆ ಬಂದು ನಿಂತು ನೋಡಿದೆವು. ಅಂಗಳಕ್ಕೆ ಒಂದು ಹನಿ ನಿಲ್ಲಲಿಲ್ಲ. ಮಕ್ಕಳು ಕಿಟಕಿಯಿಂದ ಕೈ ಚಾಚಿ ಮಳೆ ಹಿಡಿಯುತ್ತಿದ್ದವು. ನೀರೆಲ್ಲ ಓಣಿಯಲ್ಲೇ ನಿಂತಿತು. ನಮ್ಮ ಮನೆಯ ಮೆಟ್ಟಿಲು ಮುಳುಗಿತು, ಚಾಚಾನ ಮೆಟ್ಟಿಲೂ ಮುಳುಗಿತು.

“ಈಗ ಓಣಿ ತಗ್ಗಾತಲ್ಲ ಮೇಡಂ!” ಎಂದು ಸಾವಿತ್ರಮ್ಮ ಆ ಕಡೆಯಿಂದ ಕೂಗಿದರು. ಅವರ ಸೀರೆ ಒಣಗಿತ್ತು.

ಎದುರು ಜಗಲಿಯ ಮೇಲೆ ಚಾಚಾ ಲುಂಗಿ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಮುಖದಲ್ಲಿ ತಿಂಗಳಿಂದ ಕಾಣದಿದ್ದ ಕಳೆ. “ಬೇಟಿ, ಓಣಿ ಅಂದ್ರ ರಸ್ತೆನೋ ಅಂಗಳನೋ?”

“ರಸ್ತೆ.”

“ನಿನ್ನ ಹಾಲೆಂಡಿನ ಗಡ್ಡದೋನು ರಸ್ತೆ ಅಡಿಗೆ ಹಾಕ್ತಾನಂದಿ. ಮ್ಯಾಲೆ ಕಾಂಕ್ರೀಟ್ ಹೊದಿಸ್ತೀವಿ. ಈಗೇನಂತಿ?”

ಒಳ್ಳೆಯ ವಾದ. ನಾನು ಎದುರು ಪಕ್ಷದಲ್ಲಿದ್ದರೂ ಅಂಕ ಕೊಡುತ್ತಿದ್ದೆ. ಬಾವಿಯ ನೀರು ಎಷ್ಟು ಆಳದಲ್ಲಿದೆ, ಹೊದಿಕೆ ಬಿರುಕು ಬಿಟ್ಟರೆ ಏನು ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿ ಒಳಗೆ ಹೋದೆ. ಬರ್ಟಿನ ಬಾಟ್ಲಿಗಳನ್ನೂ, ಮಾವನಿಂದ ತಂದಿಟ್ಟುಕೊಂಡಿದ್ದ ಭತ್ತ ಚುಚ್ಚುವ ಕೊಳವೆಯನ್ನೂ ತಂದೆ.

ಮಳೆ ನಿಂತ ಮೇಲೆ ಇಬ್ಬರೂ ಒಂದು ಬಕೆಟ್ಟು ಹಿಡಿದು ಭಟ್ಟಿಗೆ ಹೋದೆವು. ಚಾಚಾ ಗುಡ್ಡದ ತಲೆಯ ಮೇಲಿನ, ಮಳೆಗೆ ತೊಳೆದು ಬೆಳ್ಳಗಾದ ಬೂದಿಗೆ ಕೈ ಹಾಕಿದರು.

“ಮ್ಯಾಲಿಂದು ಬ್ಯಾಡ ಚಾಚಾ.”

ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಗುಡ್ಡದ ಹೊಟ್ಟೆಗೆ ಚುಚ್ಚಿ ಎಳೆದರು. ಕಪ್ಪು ಕಿಟ್ಟ, ಒಂದು ಮೊಳೆ, ಸುರುಳಿ ಸುತ್ತಿದ ಟೈರಿನ ತಂತಿ ಅಂಗೈಗೆ ಬಿದ್ದವು. ಚಾಚಾ ಅಂಗೈಯನ್ನು ಬೆಳಕಿಗೆ ಹಿಡಿದರು.

“ಇದನ್ನ ಪರದೇಶದೋರು ನೋಡಬೇಕೇನು?”

“ಹೂಂ.”

ತಂತಿಯನ್ನು ಮೆಲ್ಲಗೆ ಆರಿಸಿ ತೆಗೆಯಲು ಅವರ ಬೆರಳು ಹೋಯಿತು, ಹೋಗಿ ಅಲ್ಲೇ ನಿಂತಿತು. ಆಮೇಲೆ ಅಂಗೈಯನ್ನು ಹಾಗೇ ಬಕೆಟ್ಟಿನೊಳಗೆ ಮಗುಚಿ, ಗುಡ್ಡದ ಇನ್ನೊಂದು ಬದಿಗೆ ಹೊರಟರು.